ಮುರಿಯದ ಕಾಲನ್ನು ನೋಡಲು ಬಂದವರು

ಈ ನೆನಪಿನಲ್ಲಿ ಎರಡು ಅಂಗಗಳಿವೆ. ಒಂದು ನನ್ನ ಎಡಗಾಲು, ಅದಕ್ಕೆ ಏನೂ ಆಗಿರಲಿಲ್ಲ. ಇನ್ನೊಂದು ನನ್ನ ಗಂಡನ ಸೋದರಮಾವನ ಬಲಗೈ, ಅದು ಇನ್ನೇನು ಹೋಗುವುದರಲ್ಲಿತ್ತು. ಜನ ಬ್ರೆಡ್ಡು, ಬಾಳೆಹಣ್ಣು ಹಿಡಿದುಕೊಂಡು ನೋಡಲು ಬಂದದ್ದು ಮಾತ್ರ ನನ್ನ ಕಾಲನ್ನು.

ನಾನು ಹೊಸಪೇಟೆಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಪದವಿ ಮುಗಿಸಿ, ಕೆಲಸಕ್ಕೆ ಸೇರಿ, ಮದುವೆಯಾಗಿ, ಇನ್ನು ಈ ಜನ್ಮದಲ್ಲಿ ಪರೀಕ್ಷೆ ಬರೆಯುವ ಹಣೆಬರಹವಿಲ್ಲ ಎಂದು ಹಾಯಾಗಿದ್ದವಳು ಮತ್ತೆ ವಿದ್ಯಾರ್ಥಿಯಾದೆ. ಅಪಘಾತದಲ್ಲಿ ಎಲುಬು ಮುರಿದುಕೊಂಡು ಬರುವವರ ಆರೈಕೆಗೆಂದೇ, ಪದವಿ ಆದ ನರ್ಸುಗಳಿಗೆ ಒಂದು ವರ್ಷದ ವಿಶೇಷ ತರಬೇತಿ ನಮ್ಮಲ್ಲಿ ಶುರುವಾಗಿತ್ತು. ಅಂಥದೊಂದು ತರಬೇತಿ ಬೇಕೇ ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ವಾರ್ಡಿನಲ್ಲಿ ಒಂದು ಸುತ್ತು ಹಾಕಿದರೆ ಸಾಕು. ತೊಡೆ ಮುರಿದಿದ್ದರೆ ಸಂಡೂರು ರಸ್ತೆಯಲ್ಲಿ ಬೈಕು, ಎದುರಿಗೆ ಅದಿರಿನ ಲಾರಿ. ಹಿಮ್ಮಡಿ ಹೋಗಿದ್ದರೆ ತೋರಣಗಲ್ಲಿಗೆ ಹೊರಟ ಶಿಫ್ಟ್ ಬಸ್ಸನ್ನು ಓಡುತ್ತ ಹತ್ತಿದವರು. ಮೊಣಕಾಲು ಜಜ್ಜಿದ್ದರೆ ಕಂಪ್ಲಿಯ ಗದ್ದೆಯಲ್ಲಿ ಮಗುಚಿದ ಟ್ರ್ಯಾಕ್ಟರು. ಇನ್ನು ಮಣಿಕಟ್ಟು ಮುರಿದುಕೊಂಡೂ ನಗುತ್ತ, ಬೀಳುವ ಮುಂಚೆ ಬಂಡೆಯ ತುದಿಯಲ್ಲಿ ನಿಂತು ತೆಗೆಸಿಕೊಂಡ ಫೋಟೊವನ್ನು ಎಲ್ಲರಿಗೂ ತೋರಿಸುತ್ತಿದ್ದರೆ, ಅವರು ಹಂಪಿ ನೋಡಲು ಬಂದವರು.

ನಮಗೆ ಪಾಠ ಮಾಡುತ್ತಿದ್ದ ಮೇಡಂ ಕರಾವಳಿಯವರು. ನಗು ಕಡಿಮೆ, ಸಮಯಪಾಲನೆ ಜಾಸ್ತಿ. "ರೋಗಿಗೆ ಬುದ್ಧಿ ಹೇಳುವುದು ಸುಲಭ. ಪ್ಲಾಸ್ಟರ್ ಹಾಕಿಸಿಕೊಂಡು ಬಚ್ಚಲಿಗೆ ಹೋಗಿ ಬನ್ನಿ, ಆಮೇಲೆ ಹೇಳಿ" ಎನ್ನುವುದು ಅವರ ಸಿದ್ಧಾಂತ. ಸಿದ್ಧಾಂತ ಬಾಯಲ್ಲೇ ಇದ್ದಿದ್ದರೆ ಚೆನ್ನಾಗಿತ್ತು. ಒಂದು ಶನಿವಾರ ಮಧ್ಯಾಹ್ನ ಮೇಜಿನ ಮೇಲೆ ಚೀಟಿ ಹಾಕಿ, ಎತ್ತಿರಿ ಎಂದರು. ಯಾರ ಚೀಟಿಯಲ್ಲಿ ಯಾವ ಅಂಗವಿರುತ್ತದೋ ಅದಕ್ಕೆ ಪ್ಲಾಸ್ಟರ್. ಸೋಮವಾರ ಬೆಳಿಗ್ಗೆಯವರೆಗೆ ಬಿಚ್ಚುವಂತಿಲ್ಲ. ಮನೆಯಲ್ಲಿ ಎಂದಿನಂತೆ ಇರಬೇಕು, ಬಂದು ಅನುಭವ ಹೇಳಬೇಕು. ನನ್ನ ಗೆಳತಿಗೆ ಕುತ್ತಿಗೆಯ ಪಟ್ಟಿ ಬಂತು, ಅವಳು ಅದನ್ನು ಹಾಕಿಕೊಂಡು ರಾಣಿಯಂತೆ ನಡೆದು ಹೋದಳು. ನನಗೆ ಬಂದದ್ದು ಎಡಗಾಲು, ತೊಡೆಯಿಂದ ಹೆಬ್ಬೆರಳಿನವರೆಗೆ.

ಆಟೊದಲ್ಲಿ ಆ ಕಾಲು ಹಿಡಿಸಲಿಲ್ಲ. ಅರ್ಧ ಹೊರಗೆ ಚಾಚಿಕೊಂಡು, ಎರಡೂ ಕೈಯಲ್ಲಿ ಊರುಗೋಲು ಹಿಡಿದು, ಕಾಲುವೆ ಪಕ್ಕದ ನಮ್ಮ ಓಣಿಗೆ ನಾನು ಪ್ರವೇಶ ಮಾಡಿದ್ದನ್ನು ನೋಡದವರು ಯಾರೂ ಇಲ್ಲ. ಅತ್ತೆ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದರು. ಮೊರ ಅಲ್ಲೇ ಬಿತ್ತು.

"ಎಲ್ಲಿ ಬಿದ್ದೀಯವ್ವಾ? ಯಾವಾಂವ ಹಾಯಿಸಿದ?"

"ಬಿದ್ದಿಲ್ಲ ಅತ್ತಿ. ಪಾಠ ಇದು. ಕಾಲು ಚಲೋ ಐತ್ರಿ."

"ಚಲೋ ಕಾಲಿಗೆ ಸಿಮೆಂಟ್ ಪಟ್ಟಿ ಹಾಕ್ಯಾರಾ?"

"ಹೂಂ ರೀ."

"ಹಂಗಾದ್ರ ಮುರಿದ ಕಾಲಿಗೆ ಏನ್ ಹಾಕ್ತಾರ?"

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಾಳೆ ಹೆರಿಗಿ ಪಾಠ ಬಂದ್ರ ಏನ್ ಮಾಡ್ತೀರಿ ಎಲ್ಲಾರೂ?" ಎಂದು ಕೇಳಿ, ಚೆಲ್ಲಿದ ಅಕ್ಕಿ ಬಾಚತೊಡಗಿದರು. ಗಂಡನಿಗೆ ಫೋನ್ ಮಾಡಿದೆ. ಅವರು ತೋರಣಗಲ್ಲಿನಲ್ಲಿ ಶಿಫ್ಟಿನಲ್ಲಿದ್ದರು. ಯಂತ್ರದ ಸದ್ದಿನ ನಡುವೆಯೂ ಅವರ ನಗು ಸ್ಪಷ್ಟವಾಗಿ ಕೇಳಿಸಿತು.

ಸುದ್ದಿಗೆ ಊರುಗೋಲು ಬೇಕಿಲ್ಲ. ಓಣಿಯ ತುದಿಯಲ್ಲಿ ನನಗೆ ಆಟೊ ತಾಗಿತ್ತು. ಗಾದಿಗನೂರು ಮುಟ್ಟುವಷ್ಟರಲ್ಲಿ ಲಾರಿ ಹಾಯ್ದಿತ್ತು. ಸಂಡೂರಿನಲ್ಲಿ ಎರಡೂ ಕಾಲು ಹೋಗಿದ್ದವು. ನನ್ನ ತವರು ವಡ್ಡುವಿನಿಂದ ಅವ್ವ ವಿಡಿಯೊ ಕಾಲ್ ಮಾಡಿ ಅಳತೊಡಗಿದಳು. ಪ್ಲಾಸ್ಟರಿನ ತುದಿಯಿಂದ ಇಣುಕುತ್ತಿದ್ದ ಬೆರಳುಗಳನ್ನು ಕ್ಯಾಮೆರಾಕ್ಕೆ ಹಿಡಿದು ಅಲ್ಲಾಡಿಸಿ ತೋರಿಸಿದೆ. "ಬೆರಳು ಅದಾವ, ಕಾಲೆಲ್ಲೈತಿ?" ಎಂದು ಅವಳ ಅಳು ಇನ್ನೂ ಜೋರಾಯಿತು.

ಭಾನುವಾರ ಬೆಳಗಾಯಿತು, ಜನ ಬರತೊಡಗಿದರು. ನಮ್ಮ ಕಡೆ ಮದುವೆಗೆ ಹೋಗದಿದ್ದರೆ ಒಂದು ನೆಪ ಹೇಳಿ ಪಾರಾಗಬಹುದು. ಬಿದ್ದವರನ್ನು, ಬೇನೆ ಬಿದ್ದವರನ್ನು ಮಾತಾಡಿಸಲು ಹೋಗದಿದ್ದರೆ ಪಾರಿಲ್ಲ. ಜಗಳವಿರಲಿ, ಕೋರ್ಟಿನಲ್ಲಿ ಕೇಸಿರಲಿ, ಮುಖ ನೋಡದವರಿರಲಿ, ಒಂದು ಡಜನ್ ಬಾಳೆಹಣ್ಣು ಹಿಡಿದು ಹಾಸಿಗೆಯ ಪಕ್ಕ ಕುಳಿತು ಎದ್ದು ಬರಲೇಬೇಕು. ಕುಳಿತಾಗ ಇಂಥದೇ ಪೆಟ್ಟಾಗಿ ಕುಂಟಾದವರ ಕತೆಯೊಂದನ್ನು ಹೇಳಬೇಕು. ಅದೂ ರೂಢಿ. ಬಂದವರೆಲ್ಲ ನನ್ನ ಪ್ಲಾಸ್ಟರನ್ನು ಬೆರಳ ಗಿಣ್ಣಿನಿಂದ ಬಡಿದು ನೋಡಿದರು, ಸಂತೆಯಲ್ಲಿ ಗಡಿಗೆ ಕೊಳ್ಳುವವರು ನೋಡುತ್ತಾರಲ್ಲ, ಹಾಗೆ.

ಅತ್ತೆ ಮೊದಮೊದಲು ಪ್ರಾಮಾಣಿಕವಾಗಿಯೇ ಇದ್ದರು. "ಏನೂ ಆಗಿಲ್ರೀ, ಅದೇನೋ ಪಾಠ ಅಂತ" ಎಂದು ಪ್ರತಿಯೊಬ್ಬರಿಗೂ ಹೇಳಿದರು. ಒಬ್ಬರೂ ನಂಬಲಿಲ್ಲ. ಎದುರು ಮನೆಯಾಕೆಯಂತೂ ಅತ್ತೆಯ ಕೈ ಹಿಡಿದು, "ನಮ್ಮ ಮುಂದ ಯಾಕ ಮುಚ್ಚಿಡ್ತೀರಿ? ನಿಮ್ಮ ಸೊಸಿಗೆ ಏನಾಗೈತಿ ಅಂತ ನೋಡಿದ್ರ ತಿಳೀತೈತಿ" ಎಂದು ಕಣ್ಣೊರೆಸಿಕೊಂಡಳು. ನಿಜ ಹೇಳಿ ಹೇಳಿ ಅತ್ತೆಯ ಗಂಟಲು ಒಣಗಿತು. ಮೂಲೆಯಲ್ಲಿ ಬಾಳೆಹಣ್ಣು ಗುಡ್ಡೆಯಾಯಿತು.

ಹನ್ನೆರಡರ ಸುಮಾರಿಗೆ ಅತ್ತೆಯ ಫೋನ್ ರಿಂಗಾಯಿತು. ಮಾತಾಡಿ ಇಟ್ಟವರು ಗೋಡೆ ಹಿಡಿದು ನಿಂತರು.

"ನನ್ನ ತಮ್ಮ ಬರಾಕತ್ಯಾನ."

ಕಂಪ್ಲಿಯ ಮಾವ. ಬಸ್ ನಿಲ್ದಾಣದ ಹತ್ತಿರ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿಯ ತಳ್ಳುಬಂಡಿ ಇಟ್ಟುಕೊಂಡವರು. ಅವರ ಕೈಯ ಮಿರ್ಚಿ ತಿನ್ನಲು ಬಸ್ಸು ತಪ್ಪಿಸಿಕೊಂಡವರಿದ್ದಾರೆ. ತಮ್ಮ ಮಗಳನ್ನು ಅಕ್ಕನ ಮಗನಿಗೇ ಕೊಡುವುದು ಎಂದು ಅವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಬಂದದ್ದು ನಾನು. ಅಳಿಯನೇ ಒಲ್ಲೆ ಎಂದನೆಂದು ಅವರು ತಿಳಿದಿದ್ದರು. ಅಂದಿನಿಂದ ಅವರು ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಮಗಳಿಗೆ ಬೇರೆ ಕಡೆ ಒಳ್ಳೆಯ ಗಂಡ ಸಿಕ್ಕು, ಅವಳು ನನ್ನೊಂದಿಗೆ ವಾಟ್ಸಪ್ಪಿನಲ್ಲಿ ಸೀರೆಯ ಫೋಟೊ ಹಂಚಿಕೊಳ್ಳುತ್ತಿದ್ದರೂ ಅಪ್ಪನ ಸಿಟ್ಟು ಇಳಿದಿರಲಿಲ್ಲ. ಅತ್ತೆ ತಮ್ಮನ ಹೆಸರೆತ್ತಿದರೆ ಬೈಯುತ್ತಿದ್ದರು, ಎತ್ತದೆ ಒಂದು ದಿನವೂ ಇರುತ್ತಿರಲಿಲ್ಲ. ಕಷ್ಟವೆಂದರೆ ನಮ್ಮ ಮನೆಯವರ ಆರೋಗ್ಯ. ನೋಡಲು ಬರಬೇಕಾದಂಥ ಒಂದು ಬೇನೆಯೂ ಇಷ್ಟು ವರ್ಷ ಯಾರಿಗೂ ಬಂದಿರಲಿಲ್ಲ.

ಅತ್ತೆ ನನ್ನ ಬಳಿ ಬಂದು, ತಗ್ಗಿದ ದನಿಯಲ್ಲಿ ಹೇಳಿದರು: "ಮುರಿದೈತಿ ಅಂತ ಹೇಳು."

"ಅತ್ತಿ, ಈಗಿನತನಕ ಎಲ್ಲಾರಿಗೂ ಪಾಠ ಅಂತ ಹೇಳೀರಿ."

"ಅವ್ರ್ಯಾರೂ ನಂಬಿಲ್ಲ. ಇಂವ ನಂಬಿಬಿಟ್ರ ಏನ್ ಮಾಡ್ಲಿ? ಸುಳ್ಳು ಹೇಳಿ ಕರೆಸಿದ್ರು ಅಂತ ಬಂದ ಬಸ್ಸಿಗೇ ತಿರುಗಿ ಹೋಗ್ತಾನ. ಎಲ್ಲಿ ಮುರಿದೈತಿ ಅಂತ ನೀನ ಆರಿಸ್ಕೋ, ಓದಿದಾಕಿ."

ಅತ್ತೆ ನನ್ನ ಓದಿಗೆ ಮರ್ಯಾದೆ ಕೊಟ್ಟದ್ದು ಅದೇ ಮೊದಲು. ನಾನು ಮೊಣಕಾಲ ಕೆಳಗಿನ ದೊಡ್ಡ ಎಲುಬನ್ನು ಆರಿಸಿಕೊಂಡೆ.

ಮಾವ ಬಂದರು. ಎಡಗೈಯಲ್ಲಿ ಬಾಳೆಹಣ್ಣಿನ ಚೀಲ. ಬಲಭುಜದಿಂದ ಟವೆಲ್ಲು ಇಳಿಬಿಟ್ಟಿದ್ದರು. ಅಕ್ಕ ತಮ್ಮ ಒಬ್ಬರನ್ನೊಬ್ಬರು ನೋಡಿದರು. "ಬಾ, ಕುಂದ್ರು" ಎಂದರು ಅತ್ತೆ. "ಕುಂದ್ರಾಕ ಬಂದಿಲ್ಲ, ಮಾತಾಡ್ಸಿ ಹೋಗಾಕ ಬಂದೀನಿ" ಎಂದು ಮಾವ ಕುಳಿತರು. ಅತ್ತೆ ಒಳಗೆ ಹೋಗಿ ಚಹಾದ ಡಬ್ಬಿ ಹುಡುಕುತ್ತ ಮೂಗು ಎಳೆದುಕೊಳ್ಳುತ್ತಿದ್ದುದು ನಮ್ಮಿಬ್ಬರಿಗೂ ಕೇಳುತ್ತಿತ್ತು. ಕೇಳದವರ ಹಾಗೆ ಇಬ್ಬರೂ ಪ್ಲಾಸ್ಟರ್ ನೋಡುತ್ತ ಕುಳಿತೆವು.

"ಯಾವ ಎಲುಬು?" ಎಂದರು ಕೊನೆಗೆ.

ಹಿಂದಿನ ವಾರವಷ್ಟೇ ಓದಿದ್ದೆ. ಎಲ್ಲಿ ಸೀಳಿದೆ, ಹೇಗೆ ಜರುಗಿದೆ, ಎಷ್ಟು ವಾರ ಭಾರ ಹಾಕಬಾರದು, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. ಮೇಡಂ ಕೇಳಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದರು. ಮಾವ ಗಂಭೀರವಾಗಿ ತಲೆಯಾಡಿಸಿ, "ಈ ಸಿಮೆಂಟ್‌ನಾಗ ಏನೂ ಇಲ್ಲವ್ವ. ನಮ್ಮ ಕಡೆ ಒಬ್ಬಾಂವ ಕಟ್ತಾನ. ಬಿದಿರು ಕಡ್ಡಿ, ಕೋಳಿ ತತ್ತಿ, ಏನೋ ಬೇರಿನ ಪುಡಿ. ನೋಡು ಬೇಕಾದ್ರ" ಎಂದು ಟವೆಲ್ಲು ತೆಗೆದರು.

ಮೊಣಕೈಯಿಂದ ಅಂಗೈವರೆಗೆ ಬಿದಿರಿನ ಸೀಳು, ಅದರ ಮೇಲೆ ಸುತ್ತು ಸುತ್ತಾಗಿ ಬಿಗಿದ ಬಟ್ಟೆ. ಬಂಡಿಯ ಮುಂದೆ ಚೆಲ್ಲಿದ ನೀರಿನಲ್ಲಿ ಜಾರಿ ಮೊನ್ನೆ ಬಿದ್ದಿದ್ದರಂತೆ. ನಾನು ಕಟ್ಟು ನೋಡಲಿಲ್ಲ. ಅದರ ತುದಿಯಲ್ಲಿದ್ದ ಬೆರಳು ನೋಡಿದೆ. ಅವರದೇ ಬಾಣಲೆಯ ಮಿರ್ಚಿಯ ಹಾಗೆ ಉಬ್ಬಿದ್ದವು, ಬಣ್ಣ ಮಾತ್ರ ನೀಲಿಗೆ ತಿರುಗಿತ್ತು. ಬಾಳೆಹಣ್ಣು ಕೊಡುವ ನೆಪದಲ್ಲಿ ಮುಟ್ಟಿದೆ. ತಣ್ಣಗಿತ್ತು. ಉಗುರನ್ನು ಒತ್ತಿ ಬಿಟ್ಟೆ. ಬಿಟ್ಟ ಕೂಡಲೇ ಕೆಂಪು ಮರಳಬೇಕು. ಅದು ಬರುವ ಮನಸ್ಸಿಲ್ಲದ ನೆಂಟನ ಹಾಗೆ ಬಂತು.

"ಮುಟ್ಟಿದ್ದು ಗೊತ್ತಾಗ್ತೈತೇನ್ರಿ ಮಾವ?"

"ಜುಮು ಜುಮು ಅಂತೈತಿ. ಮದ್ದು ಹಿಡಿಯಾಕತ್ತೈತಿ."

ಮದ್ದು ಹಿಡಿದಿರಲಿಲ್ಲ. ಕಟ್ಟು ಹಿಡಿದಿತ್ತು. ಒಳಗೆ ಊದಿದ ಮಾಂಸಕ್ಕೆ ಹಿಗ್ಗಲು ಜಾಗವಿಲ್ಲದೆ, ರಕ್ತ ಬರುವ ದಾರಿಯೇ ಮುಚ್ಚುತ್ತಿತ್ತು. ಹೀಗೇ ಬಿಟ್ಟರೆ ಕೈ ಸಾಯುತ್ತದೆ. ಸತ್ತ ಕೈಯನ್ನು ತೆಗೆಯಬೇಕಾಗುತ್ತದೆ. ವಾರ್ಡಿನಲ್ಲಿ ಅಂಥವರನ್ನು ನೋಡಿದ್ದೆ.

"ಮಾವ, ಕಟ್ಟು ಈಗಿಂದೀಗ ಸಡಿಲು ಮಾಡ್ಬೇಕ್ರಿ. ಕತ್ರಿ ತರ್ತೀನಿ."

ಮಾವ ಕೈಯನ್ನು ಎದೆಗೆ ಒತ್ತಿಕೊಂಡರು. "ಅಮಾಸಿ ತನಕ ಬಿಚ್ಚಬಾರದು ಅಂದಾನ. ಮುಟ್ಟಬ್ಯಾಡ."

"ಇದ್ರಾಗ ನಾ ತರಬೇತಿ ತಗೊಳ್ಳಾಕತ್ತೀನ್ರಿ."

"ತಗೊಂಡು ಏನಾತು? ನೀನ ಕಾಲು ಮುರ್ಕೊಂಡು ಕುಂತೀದಿ."

ಏನು ಹೇಳಲಿ? ಕಾಲು ಮುರಿದಿಲ್ಲ ಎಂದರೆ ಎದ್ದು ಮುಂದಿನ ಬಸ್ಸಿಗೆ ಹೋಗುತ್ತಾರೆ, ಕೈಯೂ ಅವರ ಜೊತೆಗೇ ಹೋಗುತ್ತದೆ. ಮುರಿದಿದೆ ಎಂದರೆ ನನ್ನ ಮಾತಿಗೆ ಬೆಲೆಯಿಲ್ಲ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಾದೆ. ಊರುಗೋಲು ಊರುತ್ತ ಅಡುಗೆಮನೆಗೆ ಹೋಗಿ ಅತ್ತೆಗೆ ಹೇಳಿದೆ: "ಅತ್ತಿ, ಇವತ್ತು ದವಾಖಾನಿಗೆ ಹೋಗಲಿಲ್ಲಂದ್ರ ಮಾವನ ಕೈ ಉಳಿಯಂಗಿಲ್ಲ."

ಅತ್ತೆ ಒಲೆ ಆರಿಸಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ನನ್ನ ಕಿವಿಯಲ್ಲಿ, "ಚೀರು" ಎಂದರು.

"ಏನ್ರಿ?"

"ಕಾಲು ನೋವು ಅಂತ ಚೀರು."

ಚೀರಿದೆ. ಕಾಲಿಗೆ ನೋವಿರಲಿಲ್ಲ, ಮಾವನ ಬೆರಳು ನೆನಪಾಗಿ ಚೀರುವುದು ತಾನಾಗಿ ಬಂತು. ಅತ್ತೆ ಎದೆ ಬಡಿದುಕೊಳ್ಳುತ್ತ ಹೊರಗೆ ಓಡಿದರು. "ತಮ್ಮಾ! ನನ್ನ ಮಗ ಡ್ಯೂಟಿಗೆ ಹೋಗ್ಯಾನ. ಮನ್ಯಾಗ ಗಂಡಸರಿಲ್ಲ. ನೀ ಇದ್ದೀ ಅಂತ ಬದುಕ್ಯಾಳ. ಜಲ್ದಿ ದವಾಖಾನಿಗೆ ಕರ್ಕೊಂಡು ಹೋಗು!" ಮಾವ ಎಷ್ಟು ವರ್ಷದಿಂದ ಸಿಟ್ಟಿನಲ್ಲಿದ್ದರೋ ಅದೆಲ್ಲವನ್ನೂ ಕುರ್ಚಿಯ ಮೇಲೆ ಬಿಟ್ಟು ಎದ್ದು ನಿಂತರು. ಮನೆಯ ಹಿರಿಯ ಗಂಡಸು ಎಂದು ಕರೆದರೆ ಏಳದ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ಆಟೊದಲ್ಲಿ ನನ್ನ ಕಾಲು ಹೊರಗೆ ಬೀಳದ ಹಾಗೆ ಅವರು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ಹಂಪ್ ಬಂದಾಗಲೆಲ್ಲ ಡ್ರೈವರನಿಗೆ, "ನಿಧಾನ ಹೋಗಲೇ, ಹೆಣ್ಣುಮಗಳ ಎಲುಬು ಸೀಳೈತಿ" ಎಂದು ಗದರುತ್ತಿದ್ದರು. ನಾನು, "ಜೋರಾಗಿ ಹೋಗಪ್ಪ" ಎನ್ನುತ್ತಿದ್ದೆ. ಡ್ರೈವರ್ ಯಾರ ಮಾತು ಕೇಳಬೇಕೋ ತಿಳಿಯದೆ ಹಾರ್ನ್ ಹೊಡೆಯುತ್ತ ಹೋದ. ಜೀವನದಲ್ಲಿ ನನ್ನ ಕಾಲನ್ನು ಅಷ್ಟು ಜೋಪಾನವಾಗಿ ಯಾರೂ ಹಿಡಿದಿರಲಿಲ್ಲ. ನನಗೆ ಅಳು ಬಂತು. ನೋವು ಹೆಚ್ಚಾಯಿತೆಂದು ಮಾವ ಇನ್ನೂ ಗಟ್ಟಿಯಾಗಿ ಹಿಡಿದರು.

ತುರ್ತು ಚಿಕಿತ್ಸೆಯ ಬಾಗಿಲಲ್ಲಿ ಆಟೊ ನಿಂತದ್ದೇ ತಡ, ವಾರ್ಡ್‌ಬಾಯ್‌ಗಳು ಸ್ಟ್ರೆಚರ್ ತಂದರು. ಅವರ ತಪ್ಪಿಲ್ಲ. ಒಬ್ಬರಿಗೆ ತೊಡೆಯವರೆಗೆ ಪ್ಲಾಸ್ಟರ್, ಇನ್ನೊಬ್ಬರು ಕಟ್ಟು ಕಾಣದಂತೆ ಮತ್ತೆ ಟವೆಲ್ಲು ಇಳಿಬಿಟ್ಟುಕೊಂಡು ನೆಟ್ಟಗೆ ನಿಂತಿದ್ದಾರೆ. ನನ್ನನ್ನು ಎತ್ತಿ ಮಲಗಿಸಿ ಓಡತೊಡಗಿದರು. "ನಾನಲ್ಲ! ಅವ್ರು! ಅವ್ರನ್ನ ಹಿಡೀರಿ!" ಎಂದು ನಾನು ಮಲಗಿದಲ್ಲೇ ಕೂಗುತ್ತಿದ್ದೆ. "ನೋವಿಗೆ ಬಡಬಡಸಾಕತ್ಯಾರ" ಎಂದ ಒಬ್ಬ. ಮಾವ ಪಕ್ಕದಲ್ಲಿ ಓಡುತ್ತ, "ಹೆದರಬ್ಯಾಡವ್ವ, ನಾನದೀನಿ" ಎನ್ನುತ್ತಿದ್ದರು.

ಒಳಗೆ ಎದುರಾದವರು ನಮ್ಮ ಮೇಡಂ. ಭಾನುವಾರವೂ ಆಸ್ಪತ್ರೆಗೆ ಬರುವುದು ಅವರ ಚಟ. ಗಡಿಯಾರ ನೋಡಿ, ನನ್ನನ್ನು ನೋಡಿ, ಇಡೀ ಕೋಣೆಗೆ ಕೇಳುವಂತೆ ಕೇಳಿದರು: "ಇದೇನು? ಪ್ಲಾಸ್ಟರ್ ಬಿಚ್ಚುವುದು ನಾಳೆ ಎಂದು ಹೇಳಿದ್ದೆನಲ್ಲ? ಏನೂ ಆಗದ ಕಾಲನ್ನು ಎರಡು ದಿನ ಹೊರಲು ಆಗಲಿಲ್ಲವೇ ನಿಮಗೆ?"

ಮಾವನ ಓಟ ನಿಂತಿತು.

ನಾನು ಸ್ಟ್ರೆಚರಿನಿಂದ ಎದ್ದು ಕುಳಿತು, ಅವರ ಟವೆಲ್ಲು ಎಳೆದೆ. "ಮೇಡಂ, ಕೈ ನೋಡ್ರಿ!" ಮೇಡಂ ನೋಡಿದರು. ಮುಂದಿನದೆಲ್ಲ ಅವರು ಕಲಿಸಿದ ಹಾಗೆಯೇ ನಡೆಯಿತು. ಮಾವನನ್ನು ಹಾಸಿಗೆಯೊಂದರ ಮೇಲೆ ಕೂರಿಸಿದರು, ಕತ್ತರಿ ಬಂತು, ಡಾಕ್ಟರ್ ಬಂದರು, ಮಾವ ಬಾಯಿ ತೆರೆಯುವಷ್ಟರಲ್ಲಿ ಬಿದಿರಿನ ಸೀಳುಗಳು ನೆಲದ ಮೇಲಿದ್ದವು. ಡಾಕ್ಟರ್ ಅವರ ಮಡಚಿದ ಬೆರಳೊಂದನ್ನು ಹಿಡಿದು ಮೆಲ್ಲಗೆ ಬಿಡಿಸಿದರು. ಮಾವ ಆಸ್ಪತ್ರೆಯ ಗೋಡೆ ಅದುರುವಂತೆ ಕೂಗಿದರು. ಬೆರಳು ಬಿಡಿಸಿದರೆ ಹೀಗೆ ಪ್ರಾಣ ಹೋಗುವಂಥ ನೋವಾದರೆ ಒಳಗೆ ಒತ್ತಡ ಏರಿದೆ ಎಂದರ್ಥ. "ಕಟ್ಟು ತೆಗೆದಿದ್ದೇವೆ. ಸ್ವಲ್ಪ ಹೊತ್ತು ನೋಡೋಣ. ಬೆರಳು ತಾವಾಗಿ ಆಡಿ, ಬಿಡಿಸಿದಾಗ ನೋವು ಇಳಿದಿದ್ದರೆ ಸರಿ. ಇಲ್ಲವಾದರೆ ಆಪರೇಷನ್ ಥಿಯೇಟರಿಗೆ ಕರೆದುಕೊಂಡು ಹೋಗಿ, ಕೈ ಉದ್ದಕ್ಕೂ ಕೊಯ್ದು ಒತ್ತಡ ಇಳಿಸಬೇಕು. ತಡಮಾಡಿದರೆ ಕೈ ಸಿಗುವುದಿಲ್ಲ" ಎಂದು ನನಗೂ ಮೇಡಂಗೂ ಹೇಳಿದರು. ಮಾವನಿಗೂ ಹೇಳಿದರು. ಮಾವ ಅವರ ಮಾತು ಕೇಳುತ್ತಿರಲಿಲ್ಲ. ನನ್ನ ಕಾಲನ್ನು ನೋಡುತ್ತಿದ್ದರು.

"ಕಾಲು ಮುರಿದಿಲ್ಲೇನು?"

"ಇಲ್ಲ ಮಾವ."

"ಅಕ್ಕಗ ಗೊತ್ತಿತ್ತೇನು?"

ನಾನು ಅವರ ಟವೆಲ್ಲು ಮಡಚತೊಡಗಿದೆ. ಅವರು ಎಡಗೈ ಊರಿ ಹಾಸಿಗೆಯಿಂದ ಇಳಿದರು. "ಮುಟ್ಟಬ್ಯಾಡ್ರಿ ನನ್ನ. ಸುಳ್ಳು ಹೇಳಿ ಕರೆಸಿ, ಸುಳ್ಳು ಹೇಳಿ ಇಲ್ಲಿ ತಂದೀರಿ. ನಾ ಕಂಪ್ಲಿಗೆ ಹೊಂಟೆ." ಬಾಗಿಲಿಗೆ ಹೋದರು. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಹಿಂದಿನ ಆಟೊದಲ್ಲಿ ಬಂದಿದ್ದರು.

"ಹೋಗಿ ಮಲಕ್ಕೋ" ಎಂದರು ಅತ್ತೆ. ಅಷ್ಟೇ. ಅಕ್ಕನ ದನಿ ಎಂಥದೋ ಏನೋ, ಆ ಮನುಷ್ಯ ತಿರುಗಿ ಬಂದು ಮಲಗಿದರು. ಆದರೆ ಗೋಡೆಗೆ ಮುಖ ಮಾಡಿದರು.

ಇಲ್ಲಿಂದ ನಮ್ಮ ನಿಜವಾದ ಪೇಚು ಶುರುವಾಯಿತು. ಮೇಡಂ ಮಾವನ ಕೈಯನ್ನು ಎದೆಯ ಮಟ್ಟಕ್ಕೆ ದಿಂಬಿನ ಮೇಲೆ ಇಡಿಸಿ, ಬೆರಳು ಕಾಯುವ ಕೆಲಸ ನನಗೆ ಒಪ್ಪಿಸಿದರು. ನಾನು ಪ್ಲಾಸ್ಟರಿನ ಕಾಲು ಚಾಚಿ ಪಕ್ಕದ ಸ್ಟೂಲಿನ ಮೇಲೆ ಕುಳಿತು, "ಮಾವ, ಬೆರಳು ಆಡಿಸ್ರಿ" ಎಂದೆ. ಬೆರಳು ಆಡಲಿಲ್ಲ. ಮಾವ ಉಸಿರೂ ಆಡಲಿಲ್ಲ. ಮತ್ತೆ ಕೇಳಿದೆ. ಇಲ್ಲ. ಉಗುರಿಗೆ ಚೂರು ಬಣ್ಣ ಬಂದಂತಿತ್ತು, ಚೂರು ಬೆಚ್ಚಗಾದಂತಿತ್ತು, ಆದರೆ ಬೆರಳು ಮಾತ್ರ ಕದಲದು. ಡಾಕ್ಟರ್ ಬಂದು, "ಆಡಿಸುತ್ತಿದ್ದಾರಾ?" ಎಂದರು.

"ಇಲ್ಲ ಸರ್."

"ಆಗುತ್ತಿಲ್ಲವಾ?"

"ಅದೇ ಗೊತ್ತಾಗುತ್ತಿಲ್ಲ ಸರ್. ಆಗುತ್ತಿಲ್ಲವೋ, ಸಿಟ್ಟೋ."

ಡಾಕ್ಟರ್ ನನ್ನನ್ನು ವಿಚಿತ್ರವಾಗಿ ನೋಡಿದರು. ನರ ಸತ್ತರೂ ಬೆರಳು ಆಡುವುದಿಲ್ಲ, ಅಕ್ಕನ ಮೇಲೆ ಮುನಿದರೂ ಆಡುವುದಿಲ್ಲ. ಇವೆರಡನ್ನು ಬೇರ್ಪಡಿಸುವ ಪರೀಕ್ಷೆ ಯಾವ ಪುಸ್ತಕದಲ್ಲೂ ಇಲ್ಲ. ಬೆರಳು ಮುಟ್ಟಿ ಬಿಡಿಸೋಣವೆಂದರೆ ಮಾವ ಕೈ ಹತ್ತಿರ ಯಾರನ್ನೂ ಬಿಡರು. ಕೊನೆಗೆ ಡಾಕ್ಟರ್ ನಿಟ್ಟುಸಿರು ಬಿಟ್ಟು, "ಥಿಯೇಟರಿಗೆ ಸಿದ್ಧ ಮಾಡಲು ಹೇಳುತ್ತೇನೆ. ನಾನು ಸಿಟ್ಟು ಎಂದು ನಂಬಿ ಕೈ ಕಳೆಯಲಾರೆ" ಎಂದರು. ಅವರ ಮಾತು ಸರಿ. ಮಾವನ ಬೆನ್ನು ಮಾತ್ರ ಹಾಗೇ ಇತ್ತು.

ನಾನು ಅತ್ತೆಯನ್ನು ನೋಡಿದೆ. ಬೇಡಿದೆ ಎಂದೇ ಹೇಳಬೇಕು. ಅತ್ತೆ ಬಂದು ಹಾಸಿಗೆಯ ಪಕ್ಕ ನಿಂತರು. ಸ್ವಲ್ಪ ಹೊತ್ತು ಸೆರಗಿನ ಅಂಚು ಹಿಂಡಿದರು.

"ತಮ್ಮಾ. ನಿನ್ನ ಮಗಳನ್ನ ಬ್ಯಾಡ ಅಂದಾಕಿ ನಾನು. ನನ್ನ ಮಗ ಅಲ್ಲ."

ಬೆನ್ನು ಕದಲಿತು.

"ಆಕಿ ಸೊಸಿಯಾಗಿ ಬಂದಿದ್ರ ನಾ ಬಾಯಿಗೆ ಬೀಗ ಹಾಕ್ಕೊಂಡು ಇರಬೇಕಾಗ್ತಿತ್ತು. ಆಕಿಗೆ ಒಂದು ಮಾತು ಬೈದ್ರ ನಿನಗ ಬೈದಂಗ. ನಿನಗ ಬೈಯಾಕ ನನಗ ಮನಸು ಬರಂಗಿಲ್ಲ. ಅದಕ್ಕ ಹೊರಗಿನಾಕಿನ್ನ ತಂದೆ. ಬೈಯಾಕ ಅನುಕೂಲ."

ಕೋಣೆಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಇಷ್ಟು ವರ್ಷ ನನ್ನ ಗುಣ ನೋಡಿ, ಓದು ನೋಡಿ ತಂದರು ಎಂದುಕೊಂಡಿದ್ದೆ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲು ಸಮಯವಿರಲಿಲ್ಲ, ಏಕೆಂದರೆ ಮಾವ ಗಿರಕ್ಕನೆ ಈ ಕಡೆ ಹೊರಳಿದರು. ಮುಖ ಕೆಂಪಾಗಿತ್ತು. ದಿಂಬಿನಿಂದ ಬಲಗೈ ಮೇಲೆದ್ದಿತು. ಊದಿದ ತೋರುಬೆರಳು ನಡುಗುತ್ತ ನೆಟ್ಟಗಾಗಿ ಅತ್ತೆಯ ಮೂಗಿನ ಕಡೆಗೆ ಹೋಯಿತು.

"ನೀನಾ?"

"ಸರ್! ಬೆರಳು!" ನಾನು ಕಿರುಚಿದೆ. ಡಾಕ್ಟರ್ ಓಡಿ ಬಂದರು. ಮಾವನಿಗೆ ನಾವ್ಯಾರೂ ಕಾಣುತ್ತಿರಲಿಲ್ಲ.

"ನೀ ನನಗ ಮಾಡಿದ್ದು ಒಂದಾ ಎರಡಾ? ಹೇಳ್ತೀನಿ ಕೇಳು. ನನಗ ಒಂದು ಮಾತು ಹೇಳದಂಗ ಹೊರಗ ಹೆಣ್ಣು ನೋಡಾಕ ಹೋದಿ." ಕಿರುಬೆರಳು ಮಡಚಿತು. ಪೂರ್ತಿ ಅಲ್ಲ, ಆದರೂ ಮಡಚಿತು. "ಲಗ್ನದಾಗ ಸ್ವಂತ ತಮ್ಮನ್ನ ಎರಡನೇ ಪಂಕ್ತಿಗೆ ಕೂಡಿಸಿದಿ." ಉಂಗುರ ಬೆರಳು. ಡಾಕ್ಟರ್ ಉಸಿರು ಬಿಗಿಹಿಡಿದಿದ್ದರು. "ನನ್ನ ಹೇಣ್ತಿಗೆ ಉಡಿಸಿದ ಸೀರಿ! ಒಂದು ಸಲ ಒಗೆದ್ರ ಕರ್ಚೀಫ್ ಆತು ಅದು." ನಡುಬೆರಳು. "ಇವತ್ತು ಚಲೋ ಕಾಲು ತೋರ್ಸಿ, ಊರ ಮುಂದ ನನ್ನ ಮಂಗ್ಯಾ ಮಾಡಿದಿ." ತೋರುಬೆರಳು.

ಅಲ್ಲಿಗೆ ನಿಂತರು. ಹೆಬ್ಬೆರಳು ಉಳಿಯಿತು.

"ಹೆಬ್ಬೆರಳು ಬೇಕು" ಎಂದು ಡಾಕ್ಟರ್ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

"ಐದನೇದು ಏನ್ರಿ ಮಾವ?" ಎಂದೆ.

ಮಾವ ತಡವರಿಸಿದರು. ಇಷ್ಟು ವರ್ಷದ ಸಿಟ್ಟು ನಾಲ್ಕು ಬೆರಳಿಗೇ ಮುಗಿದದ್ದು ಅವರಿಗೇ ಆಶ್ಚರ್ಯವಾದಂತಿತ್ತು. ಅತ್ತೆ ಮೆಲ್ಲಗೆ, "ಹೇಳು. ಐದನೇದು ಐತಿ. ನನಗ ಗೊತ್ತೈತಿ" ಎಂದರು.

ಮಾವ ಅಕ್ಕನ ಮುಖ ನೋಡಿದರು. ದನಿ ಬದಲಾಯಿತು.

"ಇಷ್ಟು ವರ್ಷದಾಗ ಒಂದು ಸಲನೂ ನೀ ನನಗ ಬಾ ಅನ್ಲಿಲ್ಲ."

ಹೆಬ್ಬೆರಳು ನಿಧಾನವಾಗಿ ಬಂದು ಉಳಿದ ಬೆರಳುಗಳ ಮೇಲೆ ಕುಳಿತಿತು.

ಡಾಕ್ಟರ್ ಕೈ ಮುಂದೆ ಮಾಡಿದರು. ಬೆರಳು ಬಿಡಿಸಿ ನೋವು ನೋಡುವುದು ಬಾಕಿಯಿತ್ತು. ಮಾವ ಮೊದಲಿನ ನೋವು ನೆನೆದು ಮುಷ್ಟಿಯನ್ನು ಹಿಂದಕ್ಕೆ ಎಳೆದುಕೊಂಡರು. ಅತ್ತೆ ಯಾರನ್ನೂ ಕೇಳದೆ ಹಾಸಿಗೆಯ ಅಂಚಿಗೆ ಕುಳಿತು, ಆ ಮುಷ್ಟಿಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಕಿರುಬೆರಳನ್ನು ಹಿಡಿದು ಬಿಡಿಸಿದರು. "ತಪ್ಪಾತು." ಉಂಗುರ ಬೆರಳು ಬಿಡಿಸಿದರು. "ತಪ್ಪಾತು." ನಡುಬೆರಳಿಗೆ ಬಂದಾಗ, "ಸೀರಿ ಚಲೋ ಇತ್ತು. ನಿನ್ನ ಹೇಣ್ತಿಗೆ ಒಗೆಯಾಕ ಬರಂಗಿಲ್ಲ" ಎಂದರು, ಬೆರಳನ್ನು ಮಾತ್ರ ಬಿಡಿಸಿದರು. ತೋರುಬೆರಳಿಗೆ, "ಇದಕ್ಕ ತಪ್ಪಾತು ಅನ್ನಂಗಿಲ್ಲ. ಅನ್ನಂಗಿದ್ರ ನಿನ್ನ ಕೈ ಎಲ್ಲಿರ್ತಿತ್ತು?" ಎಂದರು. ಹೆಬ್ಬೆರಳಿಗೆ ಏನೂ ಹೇಳಲಿಲ್ಲ. ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದು, ಬಿಡಿಸಿದರು.

ನನಗೆ ಕಲಿಸಿದ್ದ ಪ್ರಕಾರ ನಾನು ಕೈಯನ್ನು ನೋಡುತ್ತಿರಲಿಲ್ಲ, ಮಾವನ ಮುಖವನ್ನು ನೋಡುತ್ತಿದ್ದೆ. ಅವರು ಕೂಗಲಿಲ್ಲ. ಕಣ್ಣಿನಿಂದ ನೀರು ಇಳಿದು ಕಿವಿಯ ಕಡೆಗೆ ಹೋಗುತ್ತಿತ್ತು.

ಡಾಕ್ಟರ್ ಗಾಬರಿಯಾದರು. "ಅಳುತ್ತಿದ್ದಾರಲ್ಲ? ನೋವಿದೆಯಾ?"

"ಇದೆ ಸರ್," ಎಂದೆ. "ಕೈಯದ್ದಲ್ಲ."

ಅವರು ಒಮ್ಮೆ ಅಕ್ಕ ತಮ್ಮನನ್ನು ನೋಡಿ, ಥಿಯೇಟರಿಗೆ ಫೋನ್ ಮಾಡಿ, ಸದ್ಯಕ್ಕೆ ಬೇಡ ಎಂದರು.